ಗಂಡನ ಸಹಿ ಇಲ್ಲದೆ ಗರ್ಭಪಾತ ಮಾಡುವುದಿಲ್ಲವಂತೆ, ನಿಜವೇ?

ಪ್ರಶ್ನೆ: ಗೃಹಿಣಿ, ಚಿಂಚವಾಡ, ಪುಣೆ

ನನಗೆ ಏಳನೆಯ ವಾರ. ಮಗನಿಗೆ ಇನ್ನೂ ಎದೆಹಾಲು ಬಿಡಿಸಿಲ್ಲ, ಈಗಲೇ ಇನ್ನೊಂದು ಬೇಡವೆಂದು ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದೇವೆ. ಯಜಮಾನರು ಹಡಗಿನ ಕೆಲಸದಲ್ಲಿದ್ದಾರೆ, ಬರುವುದು ದಸರೆಗೆ. ಇಲ್ಲಿನ ನರ್ಸಿಂಗ್ ಹೋಮ್ ಒಂದರಲ್ಲಿ ಗಂಡನ ಸಹಿ ಬೇಕೇ ಬೇಕೆಂದು ವಾಪಸು ಕಳುಹಿಸಿದರು. ವೈದ್ಯರ ಚೀಟಿ ಇದ್ದರೆ ಗುಳಿಗೆ ಸಿಗುತ್ತದೆಯೇ ಎಂದು ಔಷಧಿ ಅಂಗಡಿಯಲ್ಲಿ ವಿಚಾರಿಸಿದರೆ, ಹಿಂದೆ ನಿಂತವರಿಗೂ ಕೇಳುವಂತೆ "ಅದನ್ನು ನಾವು ಇಡುವುದೇ ಇಲ್ಲ" ಎಂದರು. ಹುಬ್ಬಳ್ಳಿಗೆ ಹೋಗಿ ಮಾಡಿಸಿಕೊಳ್ಳಲೇ?

ಉತ್ತರ: ನಿವೃತ್ತ ದಾದಿ, ಮಾಟುಂಗಾ

ತಂಗೀ, ಹುಬ್ಬಳ್ಳಿಗೆ ಟಿಕೆಟ್ ತೆಗೆಯಬೇಡ. 1971ರ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ, ಮನಸ್ಸು ಸ್ವಸ್ಥವಿರುವ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಒಪ್ಪಿಗೆ ಪತ್ರಕ್ಕೆ ನಮೂನೆ 'ಸಿ' ಎನ್ನುತ್ತಾರೆ. ಅದರಲ್ಲಿ ಇಂಥವರ ಮಗಳು ಅಥವಾ ಹೆಂಡತಿ ಎಂದು ತುಂಬುವ ಜಾಗವಿದೆ, ಗಂಡನ ಕೆಲಸ ಅಲ್ಲಿಗೆ ಮುಗಿಯಿತು. ಸಹಿ ನಿನ್ನದು. ಎಷ್ಟೋ ಆಸ್ಪತ್ರೆಗಳು ನಾಳೆ ಮನೆಯವರು ಬಂದು ಗಲಾಟೆ ಮಾಡಿಯಾರು ಎಂಬ ಹೆದರಿಕೆಗೆ ಗಂಡನನ್ನು ಕರೆಯುತ್ತವೆ. ಅವರ ಹೆದರಿಕೆಗೆ ನೀನೇಕೆ ವಾರ ಕಳೆಯಬೇಕು? ಗುಳಿಗೆಗೆ ನಿಯಮದಲ್ಲಿ ಒಂಬತ್ತು ವಾರದ ಗಡಿಯಿದೆ. ಅದು ದಾಟಿದರೆ ಬೇರೆ ವಿಧಾನಕ್ಕೆ ಹೋಗಬೇಕಾಗುತ್ತದೆ.

ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗು. ಮೊದಲು ಸ್ಕ್ಯಾನ್ ಮಾಡಿಸು: ಗರ್ಭ ಗರ್ಭಕೋಶದೊಳಗೇ ಕೂತಿದೆಯೋ ಅಂಡನಾಳದಲ್ಲೋ ಎಂದು ತಿಳಿಯದೆ ಗುಳಿಗೆ ನುಂಗಬಾರದು. ನಾಳದಲ್ಲಿದ್ದರೆ ಗುಳಿಗೆಯಿಂದ ಏನೂ ಆಗುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಕುತ್ತು. ರಕ್ತಹೀನತೆ ಇದೆಯೇ ಎಂದೂ ನೋಡಿಸು, ಹಾಲು ಕುಡಿಸುತ್ತಿರುವುದನ್ನು ಹೇಳು. ಮೊದಲು ಮಿಫೆಪ್ರಿಸ್ಟೋನ್ ಎಂಬ ಗುಳಿಗೆ, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಕೊಡುತ್ತಾರೆ. ಆಮೇಲೆ ಗಂಟೆಗೆ ಎರಡು ದೊಡ್ಡ ಪ್ಯಾಡ್‌ನಂತೆ ಎರಡು ಗಂಟೆ ತೋಯ್ದರೆ, ಜ್ವರ ಇಳಿಯದಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡು.

ಉತ್ತರ: ಔಷಧಿ ಅಂಗಡಿಯವನು, ಡೊಂಬಿವಲಿ

ಅಂಗಡಿಯವರ ಕಡೆಯಿಂದ ಒಂದು ಮಾತು. 2012ರಲ್ಲಿ ಬೀಡ್ ಜಿಲ್ಲೆಯ ಹೆಣ್ಣುಭ್ರೂಣ ಹತ್ಯೆಯ ಪ್ರಕರಣ ಹೊರಬಿದ್ದ ಮೇಲೆ ಈ ಗುಳಿಗೆಗಳ ಮೇಲೆ ಇಲಾಖೆಯ ಕಣ್ಣು ಬಿತ್ತು. ಪ್ರತಿ ಚೀಟಿಯ ಲೆಕ್ಕ, ತಪಾಸಣೆ; ಈ ತಲೆನೋವೇ ಬೇಡವೆಂದು ಮಹಾರಾಷ್ಟ್ರದ ಬಹಳ ಅಂಗಡಿಗಳು ತರಿಸುವುದನ್ನೇ ನಿಲ್ಲಿಸಿದವು. ಆದರೆ ಗುಳಿಗೆ ಕೊಡುವ ಒಂಬತ್ತು ವಾರದೊಳಗೆ ಸ್ಕ್ಯಾನಿನಲ್ಲಿ ಹೆಣ್ಣೋ ಗಂಡೋ ತಿಳಿಯುವುದೇ ಇಲ್ಲ. ಲಿಂಗಪತ್ತೆ ತಡೆಯಲು 1994ರ ಕಾಯ್ದೆ ಬೇರೆಯೇ ಇದೆ. ಹೊಡೆತ ಬಿದ್ದದ್ದು ಮಾತ್ರ ಗುಳಿಗೆಗೆ. ಚೀಟಿಯಿಲ್ಲದೆ ಕೊಡುವವನು ಸಿಕ್ಕರೂ ಕೊಳ್ಳಬೇಡಿ.

ಉತ್ತರ: ಹಿರಿಯ ಸದಸ್ಯ, ಮುಲುಂಡ್

ಕಾನೂನು ಏನೇ ಇರಲಿ, ಗಂಡ ಬರುವವರೆಗೆ ಕಾಯುವುದು ಸಂಸಾರಕ್ಕೆ ಒಳ್ಳೆಯದಲ್ಲವೇ?

ಉತ್ತರ: ನಿವೃತ್ತ ದಾದಿ, ಮಾಟುಂಗಾ

ರಾಯರೇ, ಇಬ್ಬರೂ ಮಾತಾಡಿಕೊಂಡಿದ್ದೇವೆ ಎಂದು ಆಕೆ ಎರಡನೆಯ ಸಾಲಿನಲ್ಲೇ ಬರೆದಿದ್ದಾಳೆ. ದಸರೆಯವರೆಗೆ ಗರ್ಭ ನಿಂತು ಕಾಯುತ್ತದೆಯೇ? ಇಪ್ಪತ್ತು ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಅದೂ ಕೆಲವರಿಗಷ್ಟೇ. ತಂಗೀ, ಸ್ಕ್ಯಾನ್ ಆದ ಮೇಲೆ ಇಲ್ಲಿ ಒಂದು ಸಾಲು ಬರೆ. ಮತ್ತೆ ಯಾರಾದರೂ ಗಂಡನ ಸಹಿ ಕೇಳಿದರೆ, ಕೇಳಿದ್ದನ್ನು ಕಾಗದದ ಮೇಲೆ ಬರೆದುಕೊಡಿ ಎನ್ನು.