ಪೆನ್‌ಡ್ರೈವ್ ಬಿಡು, ಮನೆಯಿಂದಲೇ ಆಫೀಸಿನ ಸಿಸ್ಟಮ್ಮಿಗೆ ಹೋಗು

ಶ್ರುತಿ, ಗ್ರೂಪಲ್ಲಿ ನೀನು ಹಾಕಿದ್ದು ಈಗ ನೋಡಿದೆ. ಆಡಿಟರ್ ಆಫೀಸು, ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಫೈಲೆಲ್ಲ ಪೆನ್‌ಡ್ರೈವಲ್ಲಿ ಓಡಾಡುತ್ತೆ. ಮೊನ್ನೆ ಹಳೇ ಎಕ್ಸೆಲ್ ಹೋಗಿ ಹೊಸದರ ಮೇಲೆ ಕೂತು ಎರಡು ದಿನದ ಕೆಲಸ ಮಣ್ಣುಪಾಲು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಪತ್ರ ಮನೇಲಿ ತೆಗೆದರೆ ಏನೇನೋ ಗೀಚಿದ ಹಾಗೆ ಕಾಣುತ್ತೆ. ಇಷ್ಟು ತಾನೆ? ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿಸ್ಕೋ.

ಆ ಎಕ್ಸೆಲ್ ಹೋಗಿದ್ದಕ್ಕೆ ಪೆನ್‌ಡ್ರೈವನ್ನ ಬೈಯಬೇಡ. ಒಂದೇ ಫೈಲು ಆಫೀಸಲ್ಲಿ ಒಂದು, ಪೆನ್‌ಡ್ರೈವಲ್ಲಿ ಒಂದು, ಮನೇಲಿ ಒಂದು ಇತ್ತು, ಅಸಲು ಯಾವುದು ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಅದನ್ನ ಮೊದಲು ತೀರ್ಮಾನ ಮಾಡು: ಅಸಲು ಆಫೀಸಲ್ಲೇ ಇರಲಿ. ಫೈಲು ನಿನ್ನ ಹತ್ತಿರ ಬರೋದು ಬೇಡ, ನೀನೇ ಅದರ ಹತ್ತಿರ ಹೋಗು. ಅಂದರೆ ಮನೆ ಲ್ಯಾಪ್‌ಟಾಪಲ್ಲಿ ಆಫೀಸ್ ಕಂಪ್ಯೂಟರಿನ ಪರದೆ ತೆಗೆದುಕೊಂಡು ಅಲ್ಲೇ ಕೆಲಸ ಮಾಡು. ಇದರಲ್ಲಿ ಬರೀ ಪರದೆಯ ಚಿತ್ರ ಈ ಕಡೆ ಬರುತ್ತೆ, ಕೀಬೋರ್ಡು ಮೌಸು ಆ ಕಡೆ ಹೋಗುತ್ತೆ. 400 ಎಂಬಿ ಸ್ಕ್ಯಾನ್ ಪಿಡಿಎಫ್ ಇದ್ದರೂ ಅದು ಆಫೀಸಲ್ಲೇ ತೆರೆದುಕೊಳ್ಳುತ್ತೆ, ಹಾಗಾಗಿ ಮೊಬೈಲ್ ಹಾಟ್‌ಸ್ಪಾಟಲ್ಲೂ ನಡೆಯುತ್ತೆ. ಅದೇ ಫೈಲನ್ನ ಕಳಿಸೋಕೆ ಹೋದರೆ ಲೆಕ್ಕ ನೋಡು. ಕಂಪನಿಯವರು ಹೇಳೋ ಸ್ಪೀಡು ಬಿಟ್ಟಿನಲ್ಲಿ, ಫೈಲಿನ ಸೈಜು ಬೈಟಿನಲ್ಲಿ, ಎಂಟರಿಂದ ಗುಣಿಸಬೇಕು. ಅಪ್‌ಲೋಡು 5 ಎಂಬಿಪಿಎಸ್ ಇದ್ದರೆ 400 ಎಂಬಿ ಹೋಗೋಕೆ ಸುಮಾರು 11 ನಿಮಿಷ, ಅದೂ ಮಧ್ಯೆ ಕಟ್ ಆಗದಿದ್ದರೆ.

ಸುಲಭದ ದಾರಿ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ಆಫೀಸಿನ ಸಿಸ್ಟಮ್ಮಲ್ಲಿ ಕ್ರೋಮ್ ತೆಗೆದು ರಿಮೋಟ್‌ಡೆಸ್ಕ್‌ಟಾಪ್ ಡಾಟ್ ಗೂಗಲ್ ಡಾಟ್ ಕಾಮ್‌ಗೆ ಹೋಗು, ಗೂಗಲ್ ಖಾತೆಯಲ್ಲಿ ಲಾಗಿನ್ ಆಗು, ರಿಮೋಟ್ ಆಕ್ಸೆಸ್ ಸೆಟಪ್ ಒತ್ತು. ಒಂದು ಸಣ್ಣ ಪ್ರೋಗ್ರಾಮು ಇನ್‌ಸ್ಟಾಲ್ ಆಗುತ್ತೆ, ಆಮೇಲೆ ಕಡಿಮೆ ಅಂದರೆ ಆರು ಅಂಕಿಯ ಪಿನ್ ಕೇಳುತ್ತೆ. ಮನೇಲಿ ಅದೇ ಖಾತೆಯಲ್ಲಿ ಅದೇ ಪುಟಕ್ಕೆ ಬಂದರೆ ಆ ಕಂಪ್ಯೂಟರಿನ ಹೆಸರು ಕಾಣುತ್ತೆ, ಒತ್ತಿ ಪಿನ್ ಹಾಕು, ಮುಗೀತು. ಒಂದೋ ಎರಡೋ ಫೈಲು ಬೇಕೇ ಬೇಕು ಅಂದರೆ ಬಲಗಡೆ ಬಾಣದ ಗುರುತು ಒತ್ತಿದರೆ ಅಪ್‌ಲೋಡ್ ಫೈಲ್, ಡೌನ್‌ಲೋಡ್ ಫೈಲ್ ಅಂತ ಇರುತ್ತೆ. ಫುಲ್ ಸ್ಕ್ರೀನ್ ಮಾಡಿಕೊಂಡೇ ಕೂತ್ಕೋ. ಇಲ್ಲದಿದ್ದರೆ ಕಂಟ್ರೋಲ್-ಡಬ್ಲ್ಯೂ ಒತ್ತಿದಾಗ ಅಲ್ಲಿನ ಫೈಲಿನ ಬದಲು ಇಲ್ಲಿನ ಬ್ರೌಸರ್ ಟ್ಯಾಬೇ ಮುಚ್ಚಿಹೋಗುತ್ತೆ. ಇದರಲ್ಲಿ ಒಂದು ತೊಡಕು ಇದೆ. ನೀನು ಮಾಡೋದೆಲ್ಲ ಆಫೀಸಿನ ಮಾನಿಟರಲ್ಲೂ ಸಿನಿಮಾ ಥರ ಕಾಣುತ್ತೆ. ಮಾನಿಟರ್ ಸ್ವಿಚ್ ಆಫ್ ಮಾಡಿ ಬಾ, ಸಿಪಿಯು ಅಲ್ಲ!

ಎರಡನೇದು ವಿಂಡೋಸಿನದೇ ರಿಮೋಟ್ ಡೆಸ್ಕ್‌ಟಾಪ್. ಇದು ಇನ್ನೂ ಚುರುಕು, ಆಫೀಸಿನ ಪರದೆಯೂ ಲಾಕ್ ಆಗಿರುತ್ತೆ. ಆದರೆ ಆಫೀಸಿನ ಸಿಸ್ಟಮ್ಮಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಇದ್ದರೆ ಹೊರಗಿನಿಂದ ಒಳಗೆ ಬಿಟ್ಟುಕೊಳ್ಳಲ್ಲ. ಮನೆ ಲ್ಯಾಪ್‌ಟಾಪ್ ಹೋಮ್ ಆದರೆ ಪರವಾಗಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್ ಆನ್. ಲಾಗಿನ್ ಆಗುವಾಗ ನೀನು ದಿನಾ ಒತ್ತೋ ನಾಲ್ಕಂಕಿ ಪಿನ್ ನಡೆಯಲ್ಲ, ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಡದ ಖಾತೆಯಾದರೂ ಒಳಗೆ ಬಿಡಲ್ಲ. ಎಷ್ಟೋ ಜನ ಇಲ್ಲೇ ಸಿಕ್ಕಿಹಾಕಿಕೊಂಡು ನೆಟ್ ಸರಿ ಇಲ್ಲ ಅಂತಾರೆ. ಇನ್ನೊಂದು, ಆ ಸಿಸ್ಟಮ್ಮಲ್ಲಿ ಬೇರೆ ಯಾರಾದರೂ ಕೂತಿದ್ದರೆ ನೀನು ಒಳಗೆ ಬಂದ ತಕ್ಷಣ ಅವರು ಹೊರಗೆ. ಮೊದಲೇ ಒಂದು ಫೋನ್ ಮಾಡು.

ಈ ಎರಡನೇ ದಾರಿ ಮನೆಯಿಂದ ಸಿಗೋ ಹಾಗೆ ಮಾಡೋಕೆ ಯಾರಾದರೂ ನೆಟ್‌ವರ್ಕ್ ಹುಡುಗ ಬಂದು ರೂಟರಲ್ಲಿ 3389 ಪೋರ್ಟ್, ಅಂದರೆ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು, ಹೊರಗಿನವರಿಗೆ ಓಪನ್ ಮಾಡಿಕೊಡ್ತೀನಿ ಅಂದರೆ ಖಂಡಿತ ಬೇಡ ಅನ್ನು. ಆ ಪೋರ್ಟ್ ತೆರೆದಿರೋ ಕಡೆ ಹುಡುಕಿ ಹುಡುಕಿ ಪಾಸ್‌ವರ್ಡ್ ಊಹಿಸೋ ಪ್ರೋಗ್ರಾಮುಗಳು ಹಗಲೂ ರಾತ್ರಿ ಓಡ್ತಾನೇ ಇರುತ್ತೆ. ಒಳಗೆ ಬಂದರೆ ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳ್ತಾರೆ. ಅಲ್ಲದೆ ಈಗಿನ ಎಷ್ಟೋ ಕನೆಕ್ಷನ್ನಲ್ಲಿ ನಮಗೆ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪೋ ನೆಟ್ ವಿಳಾಸ, ಇರಲ್ಲ, ನೂರಾರು ಮನೆಗೆ ಒಂದು, ಪೋರ್ಟ್ ತೆರೆದರೂ ಉಪಯೋಗ ಇಲ್ಲ. ಅದರ ಬದಲು ಎರಡೂ ಕಡೆ ಟೈಲ್‌ಸ್ಕೇಲ್ ಹಾಕಿ ಒಂದೇ ಖಾತೆಯಲ್ಲಿ ಲಾಗಿನ್ ಆಗು. ನಿನ್ನ ಕಂಪ್ಯೂಟರುಗಳನ್ನ ಮಾತ್ರ ನೆಟ್ ಮೂಲಕ ಖಾಸಗಿಯಾಗಿ ಜೋಡಿಸೋ ಪ್ರೋಗ್ರಾಮು ಅದು. 100ರಿಂದ ಶುರುವಾಗೋ ಒಂದು ವಿಳಾಸ ಕೊಡುತ್ತೆ, ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ತೆಗೆದು ಅದನ್ನೇ ಹಾಕು. ಆಫೀಸಿನ ಕಡೆ ಎರಡು ಕೆಲಸ ಮರೆಯಬೇಡ. ರನ್ ಅನ್‌ಅಟೆಂಡೆಡ್ ಟಿಕ್ ಮಾಡು, ಇಲ್ಲದಿದ್ದರೆ ಯಾರೂ ಲಾಗಿನ್ ಆಗಿರದಾಗ ಅದು ಎದ್ದಿರಲ್ಲ. ಆಮೇಲೆ ಅಡ್ಮಿನ್ ಪುಟದಲ್ಲಿ ಆ ಕಂಪ್ಯೂಟರಿಗೆ ಕೀ ಎಕ್ಸ್‌ಪೈರಿ, ಅಂದರೆ ಲಾಗಿನ್ನಿನ ಅವಧಿ, ತೆಗೆದುಬಿಡು. ಅದು ತಾನಾಗೇ 180 ದಿನಕ್ಕೆ ಮುಗಿಯುತ್ತೆ. ಮಾರ್ಚಲ್ಲಿ ಹಾಕಿದ್ದು ಸರಿಯಾಗಿ ಟ್ಯಾಕ್ಸ್ ಆಡಿಟ್ ಗಡಿಬಿಡಿಯ ಸೆಪ್ಟೆಂಬರಲ್ಲಿ ಕೈಕೊಡುತ್ತೆ.

ಯಾವ ದಾರಿ ಹಿಡಿದರೂ ಆಫೀಸಿನ ಕಂಪ್ಯೂಟರ್ ಎಚ್ಚರ ಇರಬೇಕಲ್ಲ. ಪವರ್ ಸೆಟ್ಟಿಂಗಲ್ಲಿ ಸ್ಲೀಪ್ ನೆವರ್ ಮಾಡು, ಪರದೆ ಬೇಕಾದರೆ ಆರಲಿ. ನಮ್ಮಲ್ಲಿ ಕರೆಂಟು ಹೇಳಿ ಹೋಗಲ್ಲ, ಹೇಳಿ ಬರಲ್ಲ. ಅದಕ್ಕೆ ಬಯೋಸಲ್ಲಿ, ಅಂದರೆ ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಪುಟದಲ್ಲಿ, ಎಸಿ ಪವರ್ ಲಾಸ್ ಅಂತ ಒಂದು ಇರುತ್ತೆ, ಅದನ್ನ ಪವರ್ ಆನ್‌ಗೆ ಇಟ್ಟರೆ ಕರೆಂಟು ಬಂದ ಕೂಡಲೇ ತಾನೇ ಎದ್ದು ಕೂರುತ್ತೆ. ಯುಪಿಎಸ್‌ಗೆ ಸಿಪಿಯು ಮಾತ್ರ ಹಾಕಿ ರೂಟರನ್ನ ಗೋಡೆ ಪ್ಲಗ್ಗಿಗೆ ಬಿಟ್ಟರೆ ಪ್ರಯೋಜನ ಇಲ್ಲ. ರೂಟರು, ಫೈಬರಿನ ಆ ಚಿಕ್ಕ ಡಬ್ಬಿ, ಎರಡೂ ಯುಪಿಎಸ್ ಮೇಲೆ ಬರಲಿ.

ಈಗ ನುಡಿ. ನುಡಿ, ಅದರ ಥರದ್ದೇ ಬರಹ ಅನ್ನೋ ಸಾಫ್ಟ್‌ವೇರ್, ಇವುಗಳ ಹಳೇ ಫಾಂಟುಗಳಲ್ಲಿ ಫೈಲೊಳಗೆ ಇರೋದು ಕನ್ನಡ ಅಕ್ಷರವೇ ಅಲ್ಲ, ಇಂಗ್ಲಿಷ್ ಅಕ್ಷರದ ಕೋಡು. ಅದರ ಮೇಲೆ ಫಾಂಟು ಕನ್ನಡದ ವೇಷ ಹಾಕಿರುತ್ತೆ ಅಷ್ಟೆ. ಆ ಫಾಂಟಿಲ್ಲದ ಕಡೆ ವೇಷ ಕಳಚಿ, ತಲೆ ಮೇಲೆ ಗೆರೆ ಎಳೆದ ಎ, ಪೌಂಡ್ ಗುರುತು ಎಲ್ಲ ಕಾಣುತ್ತೆ. ಫೈಲು ಹಾಳಾಗಿಲ್ಲ, ಗಾಬರಿಯಾಗಿ ಮತ್ತೆ ಟೈಪ್ ಮಾಡೋಕೆ ಕೂರಬೇಡ. ಮನೇಲೂ ಅದೇ ನುಡಿ ಹಾಕಿದರೆ ಸರಿ ಕಾಣುತ್ತೆ, ಉಚಿತವಾಗೇ ಸಿಗುತ್ತೆ. ಮೊಬೈಲಲ್ಲಿ, ಗೂಗಲ್ ಡಾಕ್ಸಲ್ಲಿ ಮಾತ್ರ ಕಾಣಲ್ಲ, ಬರೀ ಓದೋಕಾದರೆ ಪಿಡಿಎಫ್ ಮಾಡಿ ಕಳಿಸು. ಹೊಸ ಪತ್ರಗಳನ್ನಾದರೂ ಯೂನಿಕೋಡಲ್ಲೇ, ಅಂದರೆ ಕನ್ನಡ ಅಕ್ಷರಕ್ಕೇ ಸ್ವಂತ ಕೋಡು ಇರೋ ಪದ್ಧತಿಯಲ್ಲೇ, ಟೈಪ್ ಮಾಡೋ ಅಭ್ಯಾಸ ಮಾಡ್ಕೋ. ಎಕ್ಸೆಲಲ್ಲಿ ಹಳೇ ಫಾಂಟಲ್ಲಿ ಹೆಸರು ಹಾಕಿ ಸಾರ್ಟ್ ಮಾಡಿದರೆ ಇಂಗ್ಲಿಷ್ ಕೋಡಿನ ಪ್ರಕಾರ ಸಾಲು ನಿಲ್ಲುತ್ತೆ, ಕನ್ನಡ ಅಕ್ಷರಮಾಲೆ ಪ್ರಕಾರ ಅಲ್ಲ.

ಆಫೀಸಿನ ಪರದೆಯಲ್ಲೇ ಕೆಲಸ ಮಾಡುವಾಗ ಅಲ್ಲಿನ ನುಡಿ ಸಾಕು, ಮನೆಯದನ್ನ ಮುಚ್ಚಿಡು. ಎರಡೂ ಓಡಿದರೆ ಒಂದು ಒತ್ತಿದರೆ ಇನ್ನೊಂದು ಬೀಳುತ್ತೆ. ಕನ್ನಡ-ಇಂಗ್ಲಿಷ್ ಬದಲಾಯಿಸೋಕೆ ಸ್ಕ್ರೋಲ್ ಲಾಕ್ ಬೇಕಲ್ಲ, ಲ್ಯಾಪ್‌ಟಾಪಲ್ಲಿ ಆ ಕೀನೇ ಇರಲ್ಲ. ಆಗ ಆಫೀಸಿನ ಪರದೆಯೊಳಗೇ ಆನ್-ಸ್ಕ್ರೀನ್ ಕೀಬೋರ್ಡ್ ತೆಗೆದು ಅದರಲ್ಲಿರೋ ಸ್ಕ್ರೋಲ್ ಲಾಕನ್ನ ಮೌಸಲ್ಲಿ ಒತ್ತು.

ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳ್ತೀನಿ. ಟ್ಯಾಲಿಯ ಡೇಟಾ ಫೋಲ್ಡರನ್ನ ಗೂಗಲ್ ಡ್ರೈವಿಗೋ ಒನ್‌ಡ್ರೈವಿಗೋ ಹಾಕಿ ಎರಡು ಕಡೆಯಿಂದ ತೆರೆಯಬೇಡ. ಒಂದು ವೋಚರ್ ಹಾಕಿದರೆ ಒಳಗೆ ಹಲವು ಫೈಲು ಒಟ್ಟಿಗೆ ಬದಲಾಗುತ್ತೆ. ಅರ್ಧ ಮೇಲೆ ಹೋಗಿ ಅರ್ಧ ಹೋಗದೆ ನಿಂತರೆ ಟ್ಯಾಲಿಯಲ್ಲಿ ಆ ಕಂಪನಿಯ ಲೆಕ್ಕವೇ ತೆರೆಯದೆ ಹೋಗಬಹುದು. ಪರದೆ ಮೂಲಕ ಆಫೀಸಿನ ಟ್ಯಾಲಿಯಲ್ಲೇ ಎಂಟ್ರಿ ಮಾಡು. ಕಾಪಿ ಬೇಕು ಅಂದರೆ ಟ್ಯಾಲಿಪ್ರೈಮಲ್ಲಿ ಆಲ್ಟ್-ವೈ ಒತ್ತಿ ಬ್ಯಾಕಪ್ ತಗೋ, ಆ ಬ್ಯಾಕಪ್ ಫೈಲನ್ನ ಡ್ರೈವಿಗೆ ಹಾಕು. ರಿಸ್ಟೋರ್ ಮಾಡುವಾಗ ಬೇರೆ ಫೋಲ್ಡರ್ ಕೊಡು. ಇರೋದರ ಮೇಲೇ ಮಾಡಿದರೆ ಇರೋದು ಹೋಯ್ತು, ಮೊನ್ನೆ ಎಕ್ಸೆಲಿಗೆ ಆದ ಕಥೆಯೇ.

ಎಕ್ಸೆಲ್, ವರ್ಡ್ ಮಾತ್ರ ಸಿಂಕಲ್ಲಿ, ಅಂದರೆ ಎರಡೂ ಕಡೆ ತಾನಾಗೇ ಒಂದೇ ಥರ ಆಗೋ ಡ್ರೈವ್ ಫೋಲ್ಡರಲ್ಲಿ, ಇಡಬಹುದು, ಅಲ್ಲಿ ಅನುಕೂಲ ನಿಜವಾಗ್ಲೂ ಇದೆ. ಒನ್‌ಡ್ರೈವ್ ಉಚಿತ 5 ಜಿಬಿ, ಗೂಗಲ್ 15 ಜಿಬಿ, ಆದರೆ ಆ 15ರಲ್ಲೇ ಜಿಮೇಲು, ಫೋಟೋ ಎಲ್ಲ ಸೇರುತ್ತೆ. ಮನೆಗೆ ಹೊರಡೋ ಮುಂಚೆ ಫೈಲು ಮುಚ್ಚಿ, ಸಿಂಕ್ ಮುಗಿದ ಗುರುತು ಬಂದ ಮೇಲೆ ಏಳು. ಫೈಲು ಅಲ್ಲಿ ತೆರೆದೇ ಇದ್ದು ಇಲ್ಲೂ ತಿದ್ದಿದರೆ ಒನ್‌ಡ್ರೈವ್ ಹೆಸರಿನ ಕೊನೆಗೆ ಕಂಪ್ಯೂಟರಿನ ಹೆಸರು ಸೇರಿಸಿ ಎರಡು ಫೈಲು ಮಾಡುತ್ತೆ. ಅಂಥದ್ದು ಕಂಡರೆ ಡಿಲೀಟ್ ಮಾಡಬೇಡ, ಎರಡನ್ನೂ ತೆಗೆದು ಹೋಲಿಸು. ಮೋಡದ ಗುರುತು ಇರೋ ಫೈಲು ನಿನ್ನ ಲ್ಯಾಪ್‌ಟಾಪಲ್ಲಿ ಇಲ್ಲ, ನೆಟ್ ಇದ್ದರೆ ಮಾತ್ರ ತೆರೆಯುತ್ತೆ. ಬೇಕಾದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್ ಕೊಡು. ಹಳೇ ಎಕ್ಸ್‌ಎಲ್‌ಎಸ್ ಫೈಲುಗಳನ್ನ ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ ಬದಲಾಯಿಸಿಕೋ, ಇಬ್ಬರು ಒಟ್ಟಿಗೆ ತಿದ್ದೋದು ಅದರಲ್ಲೇ ಸಾಧ್ಯ.

ಕಳಿಸಲೇಬೇಕಾದ ಫೈಲಿಗೆ: ಜಿಮೇಲಲ್ಲಿ ಮಿತಿ 25 ಎಂಬಿ ಅಂತಾರೆ, ಹೋಗುವಾಗ ಫೈಲು ಮೂರನೇ ಒಂದು ಪಾಲು ಊದಿಕೊಳ್ಳೋದರಿಂದ 18 ದಾಟಿದರೆ ಡ್ರೈವ್ ಲಿಂಕೇ ವಾಸಿ. ವಾಟ್ಸಾಪಲ್ಲಿ 2 ಜಿಬಿವರೆಗೂ ಹೋಗುತ್ತೆ, ಆದರೆ ಬಿಲ್ಲಿನ ಫೋಟೋ ಡಾಕ್ಯುಮೆಂಟ್ ಅಂತ ಕಳಿಸು, ಫೋಟೋ ಅಂತ ಕಳಿಸಿದರೆ ಅಂಕಿ ಮಸುಕಾಗುತ್ತೆ. ಪೆನ್‌ಡ್ರೈವಲ್ಲಿ 4 ಜಿಬಿ ಮೀರಿದ ಒಂದು ಫೈಲು ಹೋಗ್ತಾ ಇಲ್ಲ ಅಂದರೆ ಜಾಗ ಸಾಲದೆ ಅಲ್ಲ, ಅದು ಫ್ಯಾಟ್ 32ರಲ್ಲಿ ಇದೆ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟ್ ಅಂದರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ, ನೆನಪಿರಲಿ.

ಗ್ರೂಪಲ್ಲಿರೋ ದೊಡ್ಡವರಿಗೂ ಹೇಳಿಬಿಡ್ತೀನಿ, ಬ್ಯಾಂಕಿನವರು ಅಂತ ಯಾರಾದರೂ ಫೋನ್ ಮಾಡಿ ಎನಿಡೆಸ್ಕ್ (ಪರದೆ ಹಂಚೋ ಆ್ಯಪ್) ಹಾಕಿ, ಬರೋ ನಂಬರ್ ಹೇಳಿ ಅಂದರೆ ಹೇಳಲೇಬೇಡಿ. ಈ ಪರದೆ ವಿದ್ಯೆಯನ್ನೇ ಅವರೂ ಬಳಸೋದು.

ಶ್ರುತಿ, ಇದೆಲ್ಲ ಮಾಡೋ ಮುಂಚೆ ನಿಮ್ಮ ಸಾಹೇಬ್ರ ಒಪ್ಪಿಗೆ ಬರಹದಲ್ಲಿ ತಗೋ, ವಾಟ್ಸಾಪ್ ಮೆಸೇಜ್ ಆದರೂ ಸರಿ. ಕಕ್ಷಿದಾರರ ಪ್ಯಾನು, ಆಧಾರ್ ಎಲ್ಲ ಆ ಫೈಲಲ್ಲಿ ಇರುತ್ತೆ. ಗೂಗಲ್ ಖಾತೆಗೆ ಎರಡು ಹಂತದ ಲಾಗಿನ್ ಕಡ್ಡಾಯ. ನಾಳೆ ಆಫೀಸಿಗೆ ಹೋದ ತಕ್ಷಣ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆಗೆದು ಹೋಮೋ ಪ್ರೊನೋ ನೋಡಿ ಇಲ್ಲಿ ಹಾಕು, ಯಾವ ದಾರಿ ಅಂತ ಆಗ ಹೇಳ್ತೀನಿ.