ನಿಂತಾಗ ಬಿಸಿ ಗಾಳಿ, ಓಡುವಾಗ ತಂಪು: ಗ್ಯಾಸ್ ತುಂಬಿಸಿದ ಮೇಲೆ ಕಾರಿನ ಎಸಿ ಇನ್ನಷ್ಟು ಕೆಟ್ಟಿದೆ

ಪ್ರಶ್ನೆ:
ನಮಸ್ಕಾರ. ನನ್ನ ಪೆಟ್ರೋಲ್ ಕಾರಿನ ಎಸಿ, ಗಾಡಿ ವೇಗವಾಗಿ ಓಡುವಾಗ ಸಾಧಾರಣ ತಂಪು ಕೊಡುತ್ತದೆ. ನಿಂತ ಸ್ವಲ್ಪ ಹೊತ್ತಿಗೆ ಬಿಸಿ ಗಾಳಿ ಬರತೊಡಗುತ್ತದೆ. ಗ್ಯಾರೇಜಿನಲ್ಲಿ ಗ್ಯಾಸ್ ಕಡಿಮೆಯಾಗಿದೆಯೆಂದು ಹೇಳಿ, ಇದ್ದುದರ ಮೇಲೆಯೇ ಇನ್ನಷ್ಟು ತುಂಬಿಸಿದರು. ಅಂದಿನಿಂದ ತೊಂದರೆ ಹೆಚ್ಚಾಗಿದೆ. ಗ್ಯಾಸನ್ನು ಒತ್ತುವ ಕಂಪ್ರೆಸರ್‌ನ ಕ್ಲಚ್ ಹಿಡಿಯುತ್ತಿದೆ, ಮುಂದಿನ ವಿದ್ಯುತ್ ಫ್ಯಾನ್ ತಿರುಗುತ್ತಿದೆ, ಬ್ಲೋವರ್ ಕೂಡ ಚೆನ್ನಾಗಿದೆ. ಗ್ಯಾಸ್ ಆರ್-134ಎ. ಕಂಪ್ರೆಸರ್ ಬದಲಾಯಿಸಬೇಕೆನ್ನುತ್ತಿದ್ದಾರೆ, ಅದಕ್ಕೆ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ:
ಕಂಪ್ರೆಸರ್ ವಿಚಾರ ಸದ್ಯಕ್ಕೆ ಬದಿಗಿರಲಿ. ಸವೆದ ಕಂಪ್ರೆಸರ್ ಕೂಡ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ತಂಪು ಕೊಡದಿರಬಹುದು ನಿಜ, ಆದರೆ ಆಗ ಹೈ ಸೈಡ್ (ಗ್ಯಾಸ್ ಕಂಪ್ರೆಸರ್‌ನಿಂದ ಹೊರಡುವ ಕಡೆ) ಒತ್ತಡ ಏರದೆ, ಲೋ ಸೈಡ್ (ಅದಕ್ಕೆ ಮರಳುವ ಕಡೆ) ಒತ್ತಡ ಇಳಿಯದೆ, ಒತ್ತಡ ಅಳೆಯುವ ಗೇಜ್‌ನ ಎರಡು ಮುಳ್ಳುಗಳೂ ಒಂದಕ್ಕೊಂದು ಹತ್ತಿರ ಬಂದು ನಿಲ್ಲುತ್ತವೆ. ಹಾಗಾಗಿ ಎರಡೂ ಕಡೆಗೆ ಗೇಜ್ ಹಾಕದೆ ಯಾರೂ ತೀರ್ಪು ಕೊಡಬಾರದು.

ಮೊದಲ ಅಳತೆಯನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ, ಅದನ್ನು ಚಾಲೂ ಮಾಡದೆ ತೆಗೆದುಕೊಳ್ಳಿ. ಒಳಗೆ ದ್ರವ ಮತ್ತು ಆವಿ ಎರಡೂ ಇರುವವರೆಗೆ ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶ ಮಾತ್ರ: ಆರ್-134ಎ ಆದರೆ 25 ಡಿಗ್ರಿಯಲ್ಲಿ ಸುಮಾರು 82 ಪಿಎಸ್‌ಐ (ಒತ್ತಡದ ಅಳತೆ), 30 ಡಿಗ್ರಿಯಲ್ಲಿ ಸುಮಾರು 97. ಇದಕ್ಕಿಂತ ಬಹಳ ಕಡಿಮೆಯಿದ್ದರೆ ಗ್ಯಾಸ್ ಸೋರಿ ಹೋಗಿದೆ. ಗಣನೀಯವಾಗಿ ಹೆಚ್ಚಿದ್ದರೆ, ತುಂಬಿಸುವಾಗ ಗ್ಯಾಸಿನ ಜೊತೆ ಗಾಳಿಯೂ ಸೇರಿರುವ ಸಾಧ್ಯತೆಯಿದೆ. ಸರಿಯಾಗಿದ್ದರೆ ಒಳಗೆ ದ್ರವವಿದೆ ಎಂದಷ್ಟೇ ಅರ್ಥ, ಎಷ್ಟು ಗ್ರಾಂ ಇದೆ ಎಂಬುದನ್ನು ಆ ಸಂಖ್ಯೆ ಎಂದೂ ಹೇಳುವುದಿಲ್ಲ. ಗೇಜ್ ನೋಡಿ ಗ್ಯಾಸ್ ತುಂಬುವವರು ಎಡವುವುದೇ ಇಲ್ಲಿ.

ಬಳಿಕ ಎಂಜಿನ್ ಚಾಲೂ ಮಾಡಿ, ಎಸಿಯನ್ನು ಗರಿಷ್ಠಕ್ಕಿಟ್ಟು, ಐಡಲ್‌ನಲ್ಲಿ ಎರಡೂ ಒತ್ತಡಗಳನ್ನು ಬರೆದುಕೊಳ್ಳಿ. ಅದೇ ಸ್ಥಿತಿಯಲ್ಲಿ ಕಂಡೆನ್ಸರ್ (ಗಾಡಿಯ ಮುಂಭಾಗದಲ್ಲಿ ಗ್ಯಾಸಿನ ಶಾಖ ಹೊರಹಾಕುವ ಜಾಲರಿ) ಮೇಲೆ ಪೈಪಿನಿಂದ ಮೆಲ್ಲಗೆ ನೀರು ಹಾಯಿಸಿ ಮತ್ತೆ ನೋಡಿ. ಗೇಜ್ ಕಳಚುವಾಗ ಕನ್ನಡಕ ಮತ್ತು ಕೈಗವಸು ಕಡ್ಡಾಯ: ಈ ದ್ರವ ಮೈನಸ್ 26 ಡಿಗ್ರಿಯಲ್ಲೇ ಕುದಿಯುವುದರಿಂದ ಚರ್ಮಕ್ಕೆ ತಾಗಿದರೆ ಸುಟ್ಟಂತಹ ಗಾಯವಾಗುತ್ತದೆ.

ಮತ್ತೊಬ್ಬರ ಸಲಹೆ:
ಗಾಳಿ ಬಿಸಿಯಾಗಿರುವಾಗ ಬಾನೆಟ್ ಎತ್ತಿ, ಕ್ಯಾಬಿನ್‌ನಿಂದ ಕಂಪ್ರೆಸರ್‌ಗೆ ಮರಳುವ ದಪ್ಪ ಪೈಪನ್ನು ಮುಟ್ಟಿ ನೋಡಿ. ಅದು ಕೊರೆಯುವಷ್ಟು ತಣ್ಣಗಿದ್ದೂ ಒಳಗೆ ಬಿಸಿ ಗಾಳಿ ಬರುತ್ತಿದ್ದರೆ, ಡ್ಯಾಶ್‌ಬೋರ್ಡ್ ಒಳಗಿನ ಬಿಸಿ-ತಂಪು ಬೆರೆಸುವ ಬಾಗಿಲನ್ನು ಅನುಮಾನಿಸಬೇಕು.

ಪ್ರಶ್ನೆ ಕೇಳಿದವರು:
ದಪ್ಪ ಪೈಪು ಗಾಡಿ ನಿಂತಾಗ ತಣ್ಣಗಿರುವುದಿಲ್ಲ, ಆದ್ದರಿಂದ ಬಾಗಿಲಿನ ದೋಷ ಇರಲಾರದು. 30 ಡಿಗ್ರಿಯಲ್ಲಿ ಎಂಜಿನ್ ತಣ್ಣಗಿದ್ದಾಗ ಎರಡೂ ಕಡೆ 98 ಪಿಎಸ್‌ಐ. ಮಧ್ಯಾಹ್ನ 35 ಡಿಗ್ರಿಯಲ್ಲಿ, ಐಡಲ್‌ನಲ್ಲಿ ಹೈ ಸೈಡ್ 325, ಲೋ ಸೈಡ್ 58. ನೀರು ಹಾಯಿಸಿದೊಡನೆ 230 ಮತ್ತು 40ಕ್ಕೆ ಇಳಿದು, ತಂಪು ಗಾಳಿ ಬಂತು.

ಉತ್ತರ:
ನಿಮ್ಮ ಕಂಪ್ರೆಸರ್ ಗಟ್ಟಿಯಾಗಿದೆ; ಸವೆದುಹೋದದ್ದು 325ರವರೆಗೆ ಒತ್ತಲಾರದು. 98 ಇರುವುದರಿಂದ ಗಾಳಿ ಸೇರಿದ ಲಕ್ಷಣವೂ ಇಲ್ಲ. ನೀರು ಬಿದ್ದೊಡನೆ ಒತ್ತಡ ಇಳಿದದ್ದರಿಂದ, ಕಂಡೆನ್ಸರ್ ತನ್ನ ಶಾಖವನ್ನು ಹೊರಹಾಕಲಾಗದೆ ಒದ್ದಾಡುತ್ತಿದೆಯೆಂಬುದು ಖಚಿತ. ಓಡುವಾಗ ಎದುರುಗಾಳಿ ಆ ಕೆಲಸ ಮಾಡುತ್ತದೆ, ನಿಂತಾಗ ಫ್ಯಾನ್ ಮಾಡಬೇಕು. ಫ್ಯಾನ್ ತಿರುಗುತ್ತಿದೆ ಎಂದಿರಿ. ಸಾಕಷ್ಟು ವೇಗದಲ್ಲಿ ತಿರುಗುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಕಂಡೆನ್ಸರ್ ಮುಂದೆ ಒಂದು ಹಾಳೆ ಹಿಡಿದರೆ ಅದು ಬಿಗಿಯಾಗಿ ಅಂಟಿ ನಿಲ್ಲಬೇಕು. ನಿಲ್ಲದಿದ್ದರೆ, ಮೊದಲು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕಸ ಕಟ್ಟಿಕೊಂಡಿದೆಯೇ ನೋಡಿ, ಆಮೇಲೆ ಫ್ಯಾನ್ ಗರಿಷ್ಠ ವೇಗದಲ್ಲಿ ಓಡಬೇಕಾದ ಹೊತ್ತಿನಲ್ಲಿ ಅದರ ಕನೆಕ್ಟರ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಷ್ಟೇ ವೋಲ್ಟೇಜ್ ಬಂದೂ ಫ್ಯಾನ್ ನಿಧಾನವಾಗಿದ್ದರೆ ಮೋಟಾರ್ ಸೋತಿದೆ. ವೋಲ್ಟೇಜೇ ಕಡಿಮೆಯಿದ್ದರೆ ರಿಲೇ, ವೈರಿಂಗ್ ಅಥವಾ ಅರ್ಥ್ ಸಂಪರ್ಕವನ್ನು ಹುಡುಕಬೇಕು. ಗಾಡಿಯ ಮುಂದೆ ಕೈಹಾಕುವಾಗ ಎಚ್ಚರ, ಫ್ಯಾನ್ ಹೇಳದೆ ಕೇಳದೆ ಚಾಲೂ ಆಗುತ್ತದೆ.

ಗ್ಯಾಸ್ ಹೆಚ್ಚಾಗಿರುವುದೂ ಬಹುತೇಕ ನಿಜ. ಹೆಚ್ಚುವರಿ ದ್ರವ ಕಂಡೆನ್ಸರ್‌ನ ಕೆಳಭಾಗವನ್ನು ಆಕ್ರಮಿಸಿಕೊಂಡು, ಆವಿ ದ್ರವವಾಗಲು ಬೇಕಾದ ಜಾಗವನ್ನು ಕಿರಿದಾಗಿಸುತ್ತದೆ. ನಿಮ್ಮ ತೊಂದರೆ ಉಲ್ಬಣಿಸಿದ್ದು ಇದರಿಂದಲೇ ಇರಬೇಕು. ಅಂದಾಜಿನಲ್ಲಿ ಸ್ವಲ್ಪ ಹೊರಬಿಡುವುದು ಪರಿಹಾರವಲ್ಲ, ಆ ಗ್ಯಾಸ್ ವಾತಾವರಣಕ್ಕೆ ಹೋಗಲೂಬಾರದು. ರಿಕವರಿ ಯಂತ್ರವಿರುವ ಕಡೆ ಪೂರ್ತಿ ಹೊರತೆಗೆಸಿ, ತೂಗಿಸಿ, ವ್ಯಾಕ್ಯೂಮ್ ಮಾಡಿಸಿ, ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ನಮೂದಿಸಿದಷ್ಟೇ ಗ್ರಾಂ ತುಂಬಿಸಿ.

ಪ್ರಶ್ನೆ ಕೇಳಿದವರು:
ಹಾಳೆ ಜಾರಿ ಬಿತ್ತು. ಕಸವಿರಲಿಲ್ಲ, ಕನೆಕ್ಟರ್‌ನಲ್ಲಿ 13.6 ವೋಲ್ಟ್ ಇದ್ದರೂ ಫ್ಯಾನ್ ಮಂದವಾಗಿತ್ತು, ಬಿಚ್ಚಿದಾಗ ಮೋಟಾರಿನ ಬ್ರಶ್‌ಗಳು ಸವೆದಿದ್ದವು. ಮೋಟಾರ್ ಬದಲಾಯಿಸಿದ ಮೇಲೆ ಐಡಲ್‌ನಲ್ಲಿ ಹೈ ಸೈಡ್ 270ಕ್ಕೆ ಬಂತು. ಗ್ಯಾಸ್ ಹೊರತೆಗೆದು ತೂಗಿದಾಗ ಸ್ಟಿಕ್ಕರ್‌ನಲ್ಲಿದ್ದದ್ದಕ್ಕಿಂತ 140 ಗ್ರಾಂ ಹೆಚ್ಚಿತ್ತು. ಈಗ 220 ಮತ್ತು 36ರಲ್ಲಿ ನಿಂತಿದೆ, ಗಾಡಿ ನಿಂತಾಗಲೂ ತಂಪಿದೆ. ಡ್ರೈಯರ್ (ಗ್ಯಾಸಿನ ತೇವ ಹೀರುವ ಭಾಗ) ಬದಲಾಯಿಸಿಲ್ಲ, ಬದಲಾಯಿಸಬೇಕಿತ್ತೇ?

ಉತ್ತರ:
ಬೇಕಿರಲಿಲ್ಲ. ಪೈಪಿನ ಜೋಡಣೆಗಳನ್ನು ಬಿಚ್ಚಿ ಒಳಭಾಗ ಗಾಳಿಗೆ ತೆರೆದುಕೊಂಡಿದ್ದರೆ ತೇವ ಸೇರುತ್ತದೆಂದು ಬದಲಾಯಿಸುತ್ತಾರೆ. ನಿಮ್ಮಲ್ಲಿ ಕೆಲಸವೆಲ್ಲ ಗ್ಯಾಸ್ ತುಂಬಿಸುವ ಸರ್ವಿಸ್ ವಾಲ್ವ್‌ಗಳ ಮೂಲಕವೇ ಆಗಿದೆ. ಗ್ಯಾಸ್ ಹೊರತೆಗೆಯುವಾಗ ಎಷ್ಟು ಎಣ್ಣೆ ಬಂತೋ ಅಷ್ಟನ್ನೇ ಮರಳಿ ಹಾಕಿದ್ದಾರೆಯೇ ಎಂದು ಮಾತ್ರ ವಿಚಾರಿಸಿ.