ಮೋಡೆಮ್‌ನ್ಯಾಗ ತೀನ್ ಕಂದೀಲ್

(ರಾಯಚೂರು. ಸಂಜಿಮುಂದ ಚಾದಂಗಡಿ ಬೆಂಚು. ಮಿರ್ಚಿ ಇನ್ನಾ ಎಣ್ಣ್ಯಾಗ ಐತಿ.)

ಬಸಣ್ಣ: ನೆಟ್ ನಿಂತ್ರ ನಂದು ಒಂದ ಔಷಧ. ಸ್ವಿಚ್ ಆರಿಸು, ಹಚ್ಚು.

ಖಾಜಾ: ಆರಿಸೂಕ್ಕಿಂತ ಮೊದ್ಲು ಲೈಟ್ ನೋಡಪಾ. ಫೈಬರ್ ಮೋಡೆಮ್‌ನ್ಯಾಗೂ ನಮ್ಮೂರ ತೀನ್ ಕಂದೀಲ್ ಸರ್ಕಲ್‌ನಂಗ ಮೂರು ಕಂದೀಲ್: ಪವರ್, ಪಾನ್ (ಆಪರೇಟರ್ ಜೋಡಿ ಲೈನ್ ಕೂಡೇತಿ ಅನ್ನೂದು), ಎಲ್‌ಓಎಸ್ (ಬೆಳಕು ಬರವಲ್ದು ಅನ್ನೂದು). ಮೊದಲಿನೆರಡು ಹತ್ತಿರಬೇಕು, ಎಲ್‌ಓಎಸ್ ಆರಿರಬೇಕು.

ವೀರೇಶ: ಎಲ್‌ಓಎಸ್ ಕೆಂಪಗ ಮಿಣುಕಿದ್ರ?

ಖಾಜಾ: ಬೆಳಕು ಮೋಡೆಮ್ ತನಕ ಬಂದಿಲ್ಲ. ಕೇಬಲ್ ಕಡದೈತಿ, ಇಲ್ಲಾ ಮಡಚೇತಿ. ಒಳಗಿರೂದು ಗಾಜಿನ ಎಳಿ. ಮಂದಿ ಅದನ್ನ ಮೊಳಿಗಿ ಗಂಟ್ ಹಾಕ್ತಾರ, ಬಾಗಿಲ ಸಂದ್ಯಾಗ ಜಗ್ತಾರ. ಬಾಗಿದಲ್ಲಿ ಬೆಳಕು ಸೋರಿ ಹೋಗ್ತೈತಿ. ಸುರುಳಿ ಅಂಗೈ ಅಗಲ ಇರಲಿ. ಹಿಂದಿನ ಹಸಿರು ಕನೆಕ್ಟರ್ ಬಿಚ್ಚಿ, ಟಕ್ ಅನ್ನೂ ಹಂಗ ಕೂಡ್ಸು. ತುದಿ ಮುಟ್ಟಬ್ಯಾಡ, ಕಣ್ಣಿಗಿ ಹಿಡೀಬ್ಯಾಡ. ಒಳಗ ಕಾಣದ ಲೇಸರ್ ಇರ್ತೈತಿ.

ಬಸಣ್ಣ: ಆದ್ರೂ ಆರಲಿಲ್ಲಂದ್ರ?

ಖಾಜಾ: ಲೈನ್‌ಮನ್ನ ಕರಿ. ಅವನ ಮೀಟರಿನ್ಯಾಗ ಮೈನಸ್ 15ರಿಂದ ಮೈನಸ್ 25 ಡಿಬಿಎಂ (ಬೆಳಕಿನ ಬಲ ಅಳಿಯೂ ಮಾನ) ಇದ್ರ ಚಲೋ. ಮೈನಸ್ 27ರ ಆಚಿ ಇಳೀತಂದ್ರ ನೆಟ್ ಬರೂದು ಹೋಗೂದು ಸುರು. ಕೇಬಲ್ ಜೋಡಣಿ ಹೊಸದಾಗಿ ಮಾಡಸು. ಮೋಡೆಮ್ ಬದಲಿಸಿ ಉಪಯೋಗ ಇಲ್ಲ.

ಬಸಣ್ಣ: ಹಿಂದಿನ ರೀಸೆಟ್ ತೂತಿನ್ಯಾಗ ಪಿನ್ನು ಚುಚ್ಚಿದ್ರ?

ಖಾಜಾ: ಅಯ್ಯ, ಅದನ್ನೊಂದು ಬಿಡು! 10 ಸೆಕೆಂಡ್ ಒತ್ತಿದ್ರ ವೈಫೈ ಹೆಸ್ರು, ಪಾಸ್‌ವರ್ಡ್, ಪಿಪಿಪಿಒಇ (ಆಪರೇಟರ್ ಕೊಟ್ಟ ಲಾಗಿನ್) ಯೂಸರ್‌ನೇಮ್ ಎಲ್ಲಾ ಅಳಿಸಿ ಹೋಗ್ತಾವ. ಆಮ್ಯಾಲ ಕಂದೀಲ್ ಹಸಿರು, ನೆಟ್ ಮಾತ್ರ ಇಲ್ಲ.

ವೀರೇಶ: ಪಡಸಾಲ್ಯಾಗ ಓಡ್ತೈತಿ, ಅಡಿಗಿಮನ್ಯಾಗ ಸತ್ತಿರ್ತೈತಿ. ಅದಕ್ಕ?

ಖಾಜಾ: ಲ್ಯಾಪ್‌ಟಾಪಿಗಿ ಲ್ಯಾನ್ ಕೇಬಲ್ ಹಾಕಿ ಸ್ಪೀಡ್ ನೋಡು. ಅಲ್ಲಿ ಪೂರ್ತಿ ಬಂದ್ರ ತಪ್ಪು ವೈಫೈದು. ವೈಫೈದಾಗ ಎರಡು ಬ್ಯಾಂಡ್, 5 ಮತ್ತ 2.4 ಗಿಗಾಹರ್ಟ್ಸ್. 5 ಜೋರು, ಆದ್ರ ಕಲ್ಲಿನ ಗ್ವಾಡಿ ದಾಟಾಕ ಬ್ಯಾಸರ. ಅಡಿಗಿಮನಿಗಿ 2.4 ಹಿಡಿ, ಚಾನೆಲ್ 1, 6, 11ರಾಗ ಯಾವುದು ಖಾಲಿ ಐತಿ ಅದನ್ನ ಇಡು. ಮತ್ತ ಮೋಡೆಮ್ಮನ್ನ ಕಬ್ಬಿಣದ ಅಲಮಾರಿ ಹಿಂದ ಅಡಗಿಸಿ, ಧೂಳ ಬೀಳ್ತೈತಂತ ಕಸೂತಿ ಅರಿವಿ ಹೊದ್ಸಬ್ಯಾಡ್ರಿ. ನಮ್ಮ ಬ್ಯಾಸಿಗ್ಯಾಗ ಅದಕ್ಕೂ ಸೆಕಿ ಆಗ್ತೈತಿ.

ವೀರೇಶ: ಹೊಸದು ತಗೋಳೂದಾದ್ರ?

ಖಾಜಾ: ಮೊದ್ಲು ಆಪರೇಟರ್‌ಗೆ ಕೇಳು: ಲೈನು ಜಿಪಾನೋ, ಇಪಾನೋ? ಇವು ಫೈಬರ್ ಲೈನಿನ ಎರಡು ನಮೂನಿ. ಎಕ್ಸ್‌ಪಾನ್ ಮೋಡೆಮ್ ಆದ್ರ ಎರಡಕ್ಕೂ ನಡೀತೈತಿ. ಡ್ಯುಯಲ್ ಬ್ಯಾಂಡ್ (2.4, 5 ಎರಡೂ) ಇರಲಿ, ಲ್ಯಾನ್ ಪೋರ್ಟ್ ಗಿಗಾಬಿಟ್ ಇರಲಿ. 300 ಎಂಬಿಪಿಎಸ್ ಪ್ಲಾನ್ ಹಾಕ್ಸಿ 100ರ ಪೋರ್ಟಿಗಿ ಸಿಗಿಸಿದ್ರ ಉಳಿದ 200ರ ರೊಕ್ಕ ನೀರಾಗ.

ಬಸಣ್ಣ: ಕರೆಂಟ್ ಹೋದ್ರ?

ಖಾಜಾ: ಮಿನಿ ಯುಪಿಎಸ್. ಅಡಾಪ್ಟರ್ ಮ್ಯಾಲ ಬರದಿದ್ದ ವೋಲ್ಟ್ ಅಷ್ಟಕ್ಕಷ್ಟ ಇರಬೇಕು. 9 ವೋಲ್ಟಿಂದಕ್ಕ 12 ಕೊಟ್ರ ಸುಟ್ಟೀತು. ಆಂಪಿಯರ್ ಅಷ್ಟ ಇರಲಿ, ಇಲ್ಲಾ ಹೆಚ್ಚಿರಲಿ. ಪಾನ್ ಲೈನಿನ ನಡುವಿನ ಸ್ಪ್ಲಿಟರ್‌ಗೆ (ಬೆಳಕನ್ನ ಹಲವು ಮನಿಗಿ ಹಂಚೂದು) ಕರೆಂಟ ಬೇಕಾಗಿಲ್ಲ. ಆಪರೇಟರ್ ಕಡಿ ಬ್ಯಾಟರಿ ಇದ್ರ ನಡೀತಾನ ಇರ್ತೈತಿ.

ಬಸಣ್ಣ: ಅಂದ್ರ ಫ್ಯಾನ್ ತಿರುಗಂಗಿಲ್ಲ, ನೆಟ್ ತಿರುಗ್ತೈತಿ.

ವೀರೇಶ: ಸೆಕಿ ಎಷ್ಟ ಡಿಗ್ರಿ ಐತಂತ ಫೋನಿನ್ಯಾಗ ನೋಡಿಕೋಂತ ಕುಂಡ್ರು. ಏ ಅಣ್ಣಾ, ಮಿರ್ಚಿ ತಾರೋ!